ಒಂದು ಭಾರತ, ಹಲವು ಓದುಗರು

(ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು ಮತ್ತು ಪ್ರಾಥಮಿಕ ಶಾಲೆಗಳ ಶಿಕ್ಷಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಉಳಿಸಿಕೊಂಡಿದೆ.)

ನಿಮ್ಮ ಗ್ರಂಥಾಲಯದ ಬಾಗಿಲಲ್ಲಿ ಯಾರೋ ನಿಂತು “ಮಹಾಭಾರತ ಇದೆಯಾ?” ಅಂತ ಕೇಳಿದರು ಅಂದುಕೊಳ್ಳಿ. “ಇದೆ” ಎಂದು ಕೈಗೆ ಸಿಕ್ಕಿದ್ದನ್ನು ತೆಗೆದುಕೊಟ್ಟರೆ ಅದು ತಪ್ಪು ಪುಸ್ತಕವಾಗುವ ಸಾಧ್ಯತೆಯೇ ಹೆಚ್ಚು. ಕನ್ನಡದಲ್ಲಿ ಭಾರತ ಒಂದಲ್ಲ ನೋಡಿ. ಹತ್ತನೆಯ ಶತಮಾನದ ಪಂಪನ ವಿಕ್ರಮಾರ್ಜುನ ವಿಜಯವಿದೆ, ಭಾಮಿನಿ ಷಟ್ಪದಿಯ ಕುಮಾರವ್ಯಾಸ ಭಾರತವಿದೆ, ಎ.ಆರ್. ಕೃಷ್ಣಶಾಸ್ತ್ರಿಗಳು 1950ರಲ್ಲಿ ಗದ್ಯದಲ್ಲಿ ಕೊಟ್ಟ ವಚನಭಾರತವಿದೆ, 1979ರಲ್ಲಿ ಬಂದ ಭೈರಪ್ಪನವರ ಪರ್ವವಿದೆ, ಇಪ್ಪತ್ತನಾಲ್ಕು ಪುಟದ ಬಣ್ಣದ ಮಕ್ಕಳ ಪುಸ್ತಕಗಳಿವೆ. ಕೇಳಿದ್ದು ಆರು ವರ್ಷದ ಹುಡುಗಿಯೋ, ಕನ್ನಡಕ ಹಾಕಿದರೂ ಸಣ್ಣಕ್ಷರ ಕಾಣದ ಅಜ್ಜನೋ, ಎಂ.ಎ. ಮುಗಿಸಿ ಸಂಶೋಧನೆಗೆ ಇಳಿದವರೋ ಎಂದು ತಿಳಿಯದೆ ಇದಕ್ಕೆ ಉತ್ತರವೇ ಇಲ್ಲ.

ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕು ಎನ್ನುತ್ತದೆ. ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು ಎನ್ನುತ್ತದೆ. ನಮ್ಮ ಗ್ರಂಥಾಲಯ ತರಬೇತಿಗಳಲ್ಲಿ ಇವನ್ನು ಬಾಯಿಪಾಠ ಹೇಳಿಸುತ್ತಾರೆ. ಆದರೆ ಎರಡನೆಯ ಸೂತ್ರವನ್ನು ಜಾರಿಗೆ ತರುವಾಗ ನಾವು ಶೀರ್ಷಿಕೆಯನ್ನಷ್ಟೇ ನೋಡುತ್ತೇವೆ. ಶೀರ್ಷಿಕೆಯಷ್ಟೇ ಮುಖ್ಯವಾದದ್ದು ಆವೃತ್ತಿ. ಅಕ್ಷರದ ಗಾತ್ರ, ಸಾಲುಗಳ ನಡುವಿನ ಜಾಗ, ಹೊಲಿಗೆ, ಭಾಷೆಯ ಹದ, ಮುದ್ರಣವಾದ ವರ್ಷ, ಮುನ್ನುಡಿ ಇದೆಯೋ ಇಲ್ಲವೋ, ಇವೆಲ್ಲ ಅದರಲ್ಲಿ ಬರುತ್ತವೆ. ಇವತ್ತು ಮಾತಾಡಬೇಕಾದದ್ದು ಅದರ ಬಗ್ಗೆ.

ಅಕ್ಷರ ಎಣಿಸಿ, ಪದವನ್ನಲ್ಲ

ಚಿಕ್ಕ ಮಕ್ಕಳಿಂದ ಶುರು ಮಾಡೋಣ. ಹೆಚ್ಚು ತಪ್ಪು ನಡೆಯುವುದೂ ಇಲ್ಲೇ, ಹೆಚ್ಚು ಹೊತ್ತು ನಿಲ್ಲಬೇಕಾದದ್ದೂ ಇಲ್ಲೇ.

ಮಕ್ಕಳ ಪುಸ್ತಕಗಳ ಹಿಂಬದಿಯಲ್ಲಿ ಈಗ ಓದಿನ ಹಂತ ನಮೂದಿಸುವ ಒಳ್ಳೆಯ ಪದ್ಧತಿ ಬಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಹಂತ ಮಾಡಿದೆ: ಸುಮಾರು 250 ಪದಗಳೊಳಗಿನದು ಒಂದನೆಯ ಹಂತ, 600ರವರೆಗೆ ಎರಡು, 1500ರವರೆಗೆ ಮೂರು, ಅದಕ್ಕಿಂತ ಉದ್ದವಾದದ್ದು ನಾಲ್ಕು. ಆರಂಭಕ್ಕೆ ಇದು ಸಾಕು. ಆದರೆ ಪದ ಎಣಿಸುವ ಅಳತೆ ಕನ್ನಡಕ್ಕೆ ಪೂರ್ತಿ ಹೊಂದುವುದಿಲ್ಲ. “ಹೋಗಬೇಕಾಗಿರಲಿಲ್ಲವೇನೋ” ಎನ್ನುವುದು ಲೆಕ್ಕಕ್ಕೆ ಒಂದೇ ಪದ. ಎರಡನೆಯ ತರಗತಿಯ ಮಗುವಿನ ಕಣ್ಣಿಗೆ ಅದು ಹತ್ತು ಅಕ್ಷರಗಳ ಬೆಟ್ಟ. ಹತ್ತನೆಯದನ್ನು ತಲುಪುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಬೇರೆ ಭಾಷೆಯಿಂದ ಅನುವಾದವಾದ ಪುಸ್ತಕಗಳಲ್ಲಿ ಈ ತೊಂದರೆ ಹೆಚ್ಚು. ಮೂಲದಲ್ಲಿ ಚಿಕ್ಕ ಚಿಕ್ಕ ಪದಗಳಿದ್ದದ್ದು ಕನ್ನಡಕ್ಕೆ ಬಂದಾಗ ಒಂದಕ್ಕೊಂದು ಅಂಟಿಕೊಂಡು ಉದ್ದವಾಗುತ್ತದೆ, ಹಿಂಬದಿಯ ಹಂತದ ಗುರುತು ಮಾತ್ರ ಹಾಗೇ ಉಳಿಯುತ್ತದೆ.

ಹಾಗಾಗಿ ಪುಸ್ತಕದ ನಡುವಿನ ಒಂದು ಪುಟ ತೆರೆದು ಎರಡು ಸಂಗತಿ ನೋಡಿ. ಅತಿ ಉದ್ದದ ಪದದಲ್ಲಿ ಎಷ್ಟು ಅಕ್ಷರಗಳಿವೆ? ಪುಟದಲ್ಲಿ ಎಂಥ ಒತ್ತಕ್ಷರಗಳಿವೆ? ಒಂದು, ಎರಡನೆಯ ತರಗತಿಗೆ ಎರಡರಿಂದ ನಾಲ್ಕು ಅಕ್ಷರದ ಪದಗಳೇ ಹೆಚ್ಚಿರಲಿ. ಒತ್ತು ಇದ್ದರೆ ಅಮ್ಮ, ಅಕ್ಕ, ಹಣ್ಣು, ಬೆಕ್ಕು ಇಂಥ ಸಜಾತೀಯ ಒತ್ತು ಸಾಕು. ಪುಸ್ತಕ, ಭಕ್ತಿ, ಪ್ರಾಣಿ, ಸ್ಥಳ ಮುಂತಾದ ವಿಜಾತೀಯ ಒತ್ತುಗಳು ತುಂಬಿದ್ದರೆ ಅದನ್ನು ಮೂರನೆಯ ತರಗತಿಯ ಕಡೆಗೆ ಸರಿಸಿ. ರಾಷ್ಟ್ರ, ಶಾಸ್ತ್ರ, ಲಕ್ಷ್ಮಿ ಬಗೆಯ ಎರಡೆರಡು ಒತ್ತಿನವು ನಾಲ್ಕರ ನಂತರ. ಅರ್ಕಾವತ್ತು ಬೇರೆಯದೇ ಕಥೆ. ‘ಸೂರ್ಯ’ ಎನ್ನುವಾಗ ಬಾಯಿ ಮೊದಲು ‘ರ್’ ಅನ್ನುತ್ತದೆ, ಕಣ್ಣಿಗೆ ಮೊದಲು ಕಾಣುವುದು ‘ಯ’. ಬರೆದ ಕ್ರಮವೂ ಉಲಿದ ಕ್ರಮವೂ ಅದಲುಬದಲಾಗುವುದರಿಂದ ಚೆನ್ನಾಗಿ ಓದುವ ಮಗುವೂ ಇಲ್ಲಿ ಎಡವುತ್ತದೆ. ಮಗು ದಡ್ಡ ಅಂತ ಅರ್ಥವಲ್ಲ.

ಅಕ್ಷರ ಈಗಷ್ಟೇ ಕೂಡಿಸುತ್ತಿರುವ ಮಗುವಿಗೆ ಇನ್ನೂ ಸೂಕ್ಷ್ಮವಾದ ಅಳತೆಯಿದೆ. ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಆರಂಭದ ತರಗತಿಗಳಲ್ಲಿ, ಅ, ಆ, ಇ, ಈ ಕ್ರಮ ಹಿಡಿಯುವುದಿಲ್ಲ. ರ, ಗ, ಸ, ದ, ಅ ಮೊದಲ ಗುಂಪು, ಜ, ವ, ಮ, ಬ, ನ ಎರಡನೆಯದು. ಮೊದಲ ಐದರಲ್ಲೇ ಅರಸ, ಅಗಸ, ಸರ, ಗರಗಸ ಎಲ್ಲ ಬಂದುಬಿಡುತ್ತವೆ. ಎರಡನೆಯ ಗುಂಪು ಸೇರಿದರೆ ಮರ, ಜನ, ಮಗ, ವನ, ಬಸವ. ಆ ಮಗುವಿಗೆ ಕೊಡುವ ಚಿತ್ರಪುಸ್ತಕದ ಪ್ರತಿ ಪುಟದಲ್ಲಿ ಇಂಥ ಎರಡಾದರೂ ಪದಗಳನ್ನು ತಾನೇ ಕಂಡುಹಿಡಿಯುವ ಹಾಗಿದ್ದರೆ ಆ ಪುಸ್ತಕ ಅದರದ್ದು. ಉಳಿದದ್ದನ್ನು ದೊಡ್ಡವರು ಓದಲಿ.

ಒಂದು ಪುಸ್ತಕ ಕೇಳಲು ಸುಲಭವಾಗಿದ್ದರೆ ಓದಲೂ ಸುಲಭ ಅಂದುಕೊಳ್ಳುತ್ತೇವೆ. ಕನ್ನಡದಲ್ಲಿ ಎಷ್ಟೋ ಸಲ ಇದು ತಿರುವುಮುರುವು. “ಹೋಗ್ತೀನಿ”, “ಬಂದ್ಬಿಟ್ಟ”, “ಕೊಡ್ತಾಳೆ” ಇವು ಮನೆಯ ಮಾತು, ಕಿವಿಗೆ ಹಿತ. ಕಾಗದದ ಮೇಲೆ ಬಂದಾಗ ನಡುವಿನ ಸ್ವರ ಬಿದ್ದುಹೋಗಿ ‘ಗ್ತೀ’, ‘ದ್ಬಿ’, ‘ಡ್ತಾ’ ಎಂಬ ವಿಚಿತ್ರ ಒತ್ತಕ್ಷರಗಳಾಗುತ್ತವೆ. ಆಡುಮಾತಿನ ಪುಸ್ತಕಗಳು ಬೇಡ ಎಂದು ಇದರ ಅರ್ಥವಲ್ಲ, ಖಂಡಿತ ಬೇಕು. ಅವು ಶಿಕ್ಷಕರು ಗಟ್ಟಿಯಾಗಿ ಓದುವ ಸಾಲಿನಲ್ಲಿರಲಿ, ಮಗು ಒಂಟಿಯಾಗಿ ಓದುವ ಸಾಲಿನಲ್ಲಿ ಬೇಡ. ಓದಿ ಹೇಳುವ ಪುಸ್ತಕ ಮತ್ತು ತಾನೇ ಓದುವ ಪುಸ್ತಕ ಎಂದು ಮಕ್ಕಳ ಕಪಾಟನ್ನು ಎರಡು ಮಾಡಿ, ಬೆನ್ನಿಗೆ ಎರಡು ಬಣ್ಣದ ಪಟ್ಟಿ ಅಂಟಿಸಿದರೆ ಅರ್ಧ ಗೊಂದಲ ತೀರುತ್ತದೆ. ಶಿಶುಗೀತೆಗಳು, ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿಯಂಥ ಕಥನಕವನಗಳು ಮೊದಲ ಬಗೆಯವು. ಲಯ ಅಲ್ಲಿ ಮಗುವನ್ನು ಹೊತ್ತುಕೊಂಡು ಹೋಗುತ್ತದೆ, ಕಷ್ಟದ ಪದ ಅಡ್ಡಿಯಾಗುವುದಿಲ್ಲ.

ಪ್ರದೇಶದ ಮಾತಿಗೂ ಗಮನ ಕೊಡಿ. ಮೈಸೂರಿನ ‘ಪೊರಕೆ’ ಧಾರವಾಡದಲ್ಲಿ ‘ಕಸಬರಿಗೆ’, ಮಂಗಳೂರಿನ ಕಡೆ ‘ಹಿಡಿಸೂಡಿ’. ಪಕ್ಕದಲ್ಲಿ ಚಿತ್ರವಿದ್ದರೆ ಮಗು ಇನ್ನೊಂದು ಊರಿನ ಪದ ಕಲಿಯಿತು, ಲಾಭವೇ ಆಯಿತು. ಚಿತ್ರವಿಲ್ಲದೆ ಬರೀ ಪದವಿದ್ದರೆ ಆ ಪುಟ ಅಲ್ಲಿಗೇ ನಿಲ್ಲುತ್ತದೆ. ಮನೆಯಲ್ಲಿ ಉರ್ದು, ಲಂಬಾಣಿ, ತುಳು, ತೆಲುಗು, ಮರಾಠಿ ಮಾತಾಡುವ ಮಕ್ಕಳಿಗೆ ಮೊದಲ ವರ್ಷ ಪದಗಳೇ ಇಲ್ಲದ ಚಿತ್ರಕಥೆಗಳು ತುಂಬ ಕೆಲಸ ಮಾಡುತ್ತವೆ. ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ‘ಅಕ್ಷರವೇ ಇಲ್ಲದ ಪುಸ್ತಕಕ್ಕೆ ದುಡ್ಡೇಕೆ’ ಎಂದು ಲೆಕ್ಕ ತಪಾಸಣೆಯವರು ಕೇಳಬಹುದು. ಉತ್ತರ ಸಿದ್ಧವಿಟ್ಟುಕೊಳ್ಳಿ.

ವಿದೇಶಗಳಲ್ಲಿ ಕನ್ನಡ ಕಲಿಸುವ ವಾರಾಂತ್ಯದ ತರಗತಿಗಳದ್ದು ಇದರ ತದ್ವಿರುದ್ಧದ ಸಮಸ್ಯೆ. ಅಲ್ಲಿ ಹನ್ನೆರಡು ವರ್ಷದ ಹುಡುಗ ಕನ್ನಡ ಮಾತಾಡಬಲ್ಲ, ಅಕ್ಷರ ಮಾತ್ರ ಒಂದನೆಯ ತರಗತಿಯ ಮಟ್ಟದ್ದು. ಅವನಿಗೆ ಮೊಲ-ಆಮೆಯ ಪುಸ್ತಕ ಕೊಟ್ಟರೆ ಅವಮಾನ. ಕ್ರಿಕೆಟ್, ಅಡುಗೆ, ಬಾಹ್ಯಾಕಾಶದ ಬಗ್ಗೆ ದೊಡ್ಡಕ್ಷರದ, ಚಿಕ್ಕ ವಾಕ್ಯಗಳ, ಚಿತ್ರಕಥೆಯ ರೂಪದ ಪುಸ್ತಕ ಹುಡುಕಬೇಕು. ಕನ್ನಡದಲ್ಲಿ ಇಂಥವು ತೀರ ಕಡಿಮೆ. ಪ್ರಕಾಶಕರು ಯಾರಾದರೂ ಇಲ್ಲಿದ್ದರೆ ಗುರುತು ಹಾಕಿಕೊಳ್ಳಿ.

ಸ್ಕೇಲು ಮತ್ತು ಹೆಬ್ಬೆರಳು

ಈಗ ಪುಸ್ತಕದ ಮೈ. ಇದಕ್ಕೆ ಬೇಕಾದ ಉಪಕರಣ ಶಾಲೆಯ ಹದಿನೈದು ಸೆಂಟಿಮೀಟರಿನ ಸ್ಕೇಲು.

ಅಕ್ಷರದ ಪಾಯಿಂಟ್ ಎಷ್ಟು ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ, ಕನ್ನಡ ಫಾಂಟುಗಳಲ್ಲಿ ಒಂದೇ ಪಾಯಿಂಟಿನ ಎರಡು ಅಕ್ಷರ ಬೇರೆ ಬೇರೆ ಗಾತ್ರ ಕಾಣುತ್ತವೆ. ಸಾಲುಗಳನ್ನು ಅಳೆಯಿರಿ. ಮೊದಲ ಸಾಲಿನ ಬುಡದಿಂದ ಹನ್ನೊಂದನೆಯ ಸಾಲಿನ ಬುಡಕ್ಕೆ ಎಷ್ಟಿದೆ? 6ರಿಂದ 6.5 ಸೆಂಟಿಮೀಟರ್ ಇದ್ದರೆ ಸಾಮಾನ್ಯ ವಯಸ್ಕರ ಪುಸ್ತಕ. 5.5ಕ್ಕಿಂತ ಕಡಿಮೆಯಾದರೆ ಕಾಗದ ಉಳಿಸಲು ಹಿಂಡಿದ್ದಾರೆ. ನಲವತ್ತು ದಾಟಿದವರು ಹತ್ತು ಪುಟಕ್ಕೆ ಮುಚ್ಚಿಡುತ್ತಾರೆ. ಆಗತಾನೆ ಓದಲು ಕಲಿತ ಮಕ್ಕಳಿಗೆ 9 ಸೆಂಟಿಮೀಟರಿಗಿಂತ ಹೆಚ್ಚು, ವಯಸ್ಸಾದವರಿಗೆ 8ರ ಮೇಲೆ ಇರಲಿ. ಆಮೇಲೆ ‘ಷ್ಟ್ರ’, ‘ಕ್ಷ್ಮೀ’, ‘ಸ್ತ್ರೀ’ ಇರುವ ಒಂದು ಸಾಲು ಹುಡುಕಿ, ಅದರ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತಿದೆಯೇ ನೋಡಿ. ತಾಗಿದರೆ ಆ ಪುಸ್ತಕವನ್ನು ಮಕ್ಕಳಿಗೂ ವೃದ್ಧರಿಗೂ ಕೊಳ್ಳಬೇಡಿ. ಒತ್ತು ಇಳಿಯುವ ಜಾಗ ಕನ್ನಡಕ್ಕೆ ಬೇಕೇ ಬೇಕು.

ಮಕ್ಕಳ ಪುಸ್ತಕದಲ್ಲಿ ಅಲಂಕಾರದ ಅಕ್ಷರಗಳಿದ್ದರೆ ಎಚ್ಚರ. ಪ, ಷ, ಫ. ದ, ಧ, ಥ. ಬ, ಭ ಇವುಗಳ ನಡುವಿನ ವ್ಯತ್ಯಾಸ ಒಂದು ಗೀಟಿನಷ್ಟು. ಚೆಂದ ಕಾಣಲೆಂದು ಬಾಲ ಎಳೆದು, ಹೊಟ್ಟೆ ಉಬ್ಬಿಸಿದ ಫಾಂಟಿನಲ್ಲಿ ಆ ಗೀಟೇ ಕಾಣೆಯಾಗುತ್ತದೆ. ಶೀರ್ಷಿಕೆ ಹೇಗಾದರೂ ಇರಲಿ, ಒಳಗಿನ ಪಠ್ಯ ಸಾದಾ ಇರಬೇಕು. ಗಾಢ ಬಣ್ಣದ ಚಿತ್ರದ ಮೇಲೇ ಪಠ್ಯ ಅಚ್ಚಾಗಿದ್ದರೂ ಅಷ್ಟೇ ಕಷ್ಟ.

ಬೈಂಡಿಂಗ್ ನೋಡಲು ಎಂಟು ಮತ್ತು ಒಂಬತ್ತನೆಯ ಪುಟದ ನಡುವೆ ತೆರೆಯಿರಿ. ಪುಸ್ತಕ ಹದಿನಾರು ಪುಟದ ಫಾರಂಗಳಲ್ಲಿ ಮಡಚಿ ಹೊಲಿದದ್ದಾದರೆ ಅಲ್ಲಿ ದಾರ ಕಾಣುತ್ತದೆ (ಆರಂಭದ ಪುಟಗಳಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅಕ್ಕಪಕ್ಕದಲ್ಲಿ ಹುಡುಕಿ). ದಾರ ಎಲ್ಲೂ ಇಲ್ಲದಿದ್ದರೆ ಅದು ಬೆನ್ನಿಗೆ ಬಿಸಿ ಅಂಟು ಹಾಕಿ ನಿಲ್ಲಿಸಿದ ಪರ್ಫೆಕ್ಟ್ ಬೈಂಡಿಂಗ್. ಇನ್ನೂರು ಪುಟದೊಳಗಿನ ಕಾದಂಬರಿಗೆ ಅದು ನಡೆಯುತ್ತದೆ. ಐನೂರು ಪುಟದ ಪುಸ್ತಕಕ್ಕೆ, ನಿಘಂಟಿಗೆ, ಬಗ್ಗಿಸಿ ಝೆರಾಕ್ಸ್ ಮಾಡಿಸುವ ಪರೀಕ್ಷಾ ಪುಸ್ತಕಕ್ಕೆ ಅಂಟು ನಿಲ್ಲದು. ಒಂದು ವರ್ಷದಲ್ಲಿ ಹಾಳೆ ಹಾಳೆಯಾಗಿ ಕೈಗೆ ಬರುತ್ತದೆ. ಮಕ್ಕಳ ತೆಳು ಪುಸ್ತಕಗಳಿಗೆ ನಡುವೆ ಎರಡು ಪಿನ್ ಹೊಡೆದಿರುತ್ತಾರೆ. ಒಳನಾಡಿನಲ್ಲಿ ತೊಂದರೆಯಿಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿನ್ನುತ್ತದೆ. ಬಂದ ದಿನವೇ ಪಿನ್ ಬಿಚ್ಚಿ ದಪ್ಪ ಹತ್ತಿದಾರದಲ್ಲಿ ಮೂರು ರಂಧ್ರದ ಹೊಲಿಗೆ ಹಾಕಿ, ಪುಸ್ತಕವೊಂದಕ್ಕೆ ಐದು ನಿಮಿಷದ ಕೆಲಸ. ಮೂರು ವರ್ಷದೊಳಗಿನ ಕೂಸುಗಳಿಗೆ ಮಾತ್ರ ರಟ್ಟಿನ ಹಾಳೆಯ, ಮೂಲೆ ದುಂಡಾಗಿಸಿದ ಪುಸ್ತಕ. ಅವು ದುಬಾರಿ, ಅಂಗನವಾಡಿಗೆ ನಾಲ್ಕೈದು ಇದ್ದರೂ ಆದೀತು.

ಕಾಗದ ತೆಳುವಾಗಿದೆಯೇ ಎಂದು ತಿಳಿಯಲು ಒಂದು ಹಾಳೆಯ ಹಿಂದೆ ಹೆಬ್ಬೆರಳಿಟ್ಟು ಬೆಳಕಿಗೆ ಹಿಡಿಯಿರಿ. ಬೆರಳಿನ ಅಂಚು ಸ್ಪಷ್ಟವಾಗಿ ಕಂಡರೆ ಹಿಂಬದಿಯ ಅಚ್ಚೂ ಇತ್ತ ಕಾಣುತ್ತದೆ.

ಬಿಟ್ಟುಹೋಗುವ ವಯಸ್ಸು

ಹತ್ತರಿಂದ ಹದಿನೈದರ ಮಕ್ಕಳ ಕಪಾಟು ತೆರೆದರೆ ಮೂರೇ ಬಗೆ ಸಿಗುತ್ತವೆ: ನೀತಿಕಥೆ, ಮಹಾಪುರುಷರ ಜೀವನಚರಿತ್ರೆ, ಸಾಮಾನ್ಯ ಜ್ಞಾನ. ತಂದೆತಾಯಿಗೆ ಇವು ಇಷ್ಟ, ದಾನಿಗಳಿಗೆ ಇನ್ನೂ ಇಷ್ಟ. ಓದುವ ಮಗು ಮಾತ್ರ ಮೂರನೆಯ ಜೀವನಚರಿತ್ರೆಗೆ ನಿಲ್ಲಿಸಿಬಿಡುತ್ತದೆ, ಏಕೆಂದರೆ ಮೂರರಲ್ಲೂ ಒಬ್ಬನೇ ಹುಡುಗ ಬೀದಿದೀಪದ ಕೆಳಗೆ ಓದಿರುತ್ತಾನೆ. ನೂರರಿಂದ ನೂರೈವತ್ತು ಪುಟದ ಕಾದಂಬರಿ, ಪತ್ತೇದಾರಿ, ಕಾಡು-ಪ್ರಾಣಿಗಳ ಕಥನ, ನಗೆಬರಹ ಇಲ್ಲಿ ಬೇಕು. ತೇಜಸ್ವಿಯವರ ಕರ್ವಾಲೊ 1980ರದ್ದಾದರೂ ಇವತ್ತಿಗೂ ಒಂಬತ್ತನೆಯ ತರಗತಿಯವರ ಕೈಯಲ್ಲಿ ಓಡುತ್ತದೆ. ಅದೇ ಮಕ್ಕಳಿಗೆ ಮಲೆಗಳಲ್ಲಿ ಮದುಮಗಳು ಕೊಟ್ಟು ‘ಓದಲಿಲ್ಲ’ ಎಂದು ದೂರುವುದು ತಪ್ಪು. ಆ ಪುಸ್ತಕ ಇನ್ನು ಹತ್ತು ವರ್ಷ ಕಾಯಬಲ್ಲದು.

ಭಾರತದ ವಿಷಯಕ್ಕೆ ಬಂದರೆ ಈ ವಯಸ್ಸಿಗೆ ಸಂಗ್ರಹ ಗದ್ಯ ಸರಿ. ಹದಿನೈದು ದಾಟಿದವರಿಗೆ ವಚನಭಾರತ. ಶಾಸ್ತ್ರಿಗಳ ಗದ್ಯ ಸ್ವಲ್ಪ ಗಂಭೀರ, ಆದರೆ ವಾಕ್ಯ ತೊಡಕಿಲ್ಲದ್ದು, ಕಥೆಯ ಕೊಂಡಿ ಎಲ್ಲೂ ತಪ್ಪುವುದಿಲ್ಲ. ಅದನ್ನು ಓದಿದವರಿಗೆ ಪರ್ವ ಕೊಡಿ. ಕಥೆ ಗೊತ್ತಿಲ್ಲದೆ ಪರ್ವಕ್ಕೆ ಇಳಿದರೆ ಲೇಖಕರು ಏನನ್ನು ಕಳಚಿಟ್ಟಿದ್ದಾರೆ ಎಂಬುದೇ ಹೊಳೆಯುವುದಿಲ್ಲ.

ಮಹಿಳೆಯರಿಗೆಂದು ಅಡುಗೆ ಮತ್ತು ರಂಗೋಲಿ ಪುಸ್ತಕ ತೆಗೆದಿಡುವುದನ್ನು ದಯವಿಟ್ಟು ನಿಲ್ಲಿಸಿ. ಗ್ರಂಥಾಲಯಕ್ಕೆ ಬಾರದ ಮನೆಯವರು ಶಾಲೆಯ ಮಕ್ಕಳ ಕೈಯಲ್ಲಿ ಏನನ್ನು ತರಿಸಿಕೊಳ್ಳುತ್ತಾರೆ ಎಂದು ಎರಡು ತಿಂಗಳು ಬರೆದಿಡಿ. ಮುಂದಿನ ಖರೀದಿ ಆ ಪಟ್ಟಿ ನೋಡಿ ಆಗಲಿ.

ವರ್ಷ ನೋಡದೆ ಕೊಳ್ಳಬಾರದವು

ಕಾದಂಬರಿಗೆ ಹಳತಾಗುವ ಭಯವಿಲ್ಲ. ಮಾಹಿತಿ ಪುಸ್ತಕಕ್ಕೆ ಇದೆ, ಹಲವು ಸಲ ಅದು ಅಪಾಯಕ್ಕೂ ತಿರುಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಓದುಗರು ಈಗ ಹಳ್ಳಿ ಗ್ರಂಥಾಲಯಗಳಲ್ಲಿ ಇಡೀ ದಿನ ಕೂರುವವರು. ಅವರಿಗೆ ಕೊಡುವ ಪುಸ್ತಕದಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ ಎಂದಿದ್ದರೆ ಅದು 2021ಕ್ಕಿಂತ ಹಿಂದಿನದು. ವಿಜಯನಗರ ಸೇರಿ ಈಗ 31. ಅಪರಾಧ ಕಾನೂನಿನ ಅಧ್ಯಾಯ ಭಾರತೀಯ ದಂಡ ಸಂಹಿತೆಯಲ್ಲೇ ನಿಂತಿದ್ದರೆ ಇನ್ನೂ ಕಷ್ಟ; 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಲಮುಗಳ ಸಂಖ್ಯೆಯೂ ಬದಲಾಗಿದೆ. ಪೊಲೀಸ್ ನೇಮಕಾತಿಗೆ ಓದುವವರು ಹಳೆಯ ಸಂಖ್ಯೆ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ‘ಹೊಸ ಪರಿಷ್ಕೃತ ಆವೃತ್ತಿ’ ಎಂದು ಮುಖಪುಟದ ಮೇಲೆ ನಕ್ಷತ್ರ ಹಾಕಿ ಬರೆದಿರುವುದನ್ನು ನಂಬಬೇಡಿ. ಈ ಎರಡು ಸಂಗತಿ ತೆರೆದು ನೋಡಿ, ಎರಡು ನಿಮಿಷ ಸಾಕು.

ದಪ್ಪ ಗೈಡುಗಳಿಗಿಂತ ಆರರಿಂದ ಹತ್ತನೆಯ ತರಗತಿಯ ಸಮಾಜ ಮತ್ತು ವಿಜ್ಞಾನ ಪಠ್ಯಪುಸ್ತಕಗಳ ಎರಡು ಸೆಟ್, ಹಿಂದಿನ ಪ್ರಶ್ನೆಪತ್ರಿಕೆಗಳ ಕಡತ, ಪ್ರಚಲಿತ ವಿದ್ಯಮಾನದ ಒಂದು ಮಾಸಿಕ, ಇಷ್ಟು ಮೊದಲು ಇರಲಿ. ಪ್ರಚಲಿತದ ವಾರ್ಷಿಕ ಸಂಚಿಕೆ ಕೈಸೇರುವಷ್ಟರಲ್ಲಿ ಅರ್ಧ ಹಳತಾಗಿರುತ್ತದೆ.

ಕೃಷಿ ಪುಸ್ತಕಗಳನ್ನು ಇನ್ನೂ ಕಟ್ಟುನಿಟ್ಟಾಗಿ ಸೋಸಬೇಕು. ಎಂಡೋಸಲ್ಫಾನ್ ಸಿಂಪಡಿಸಿ ಎಂದು ಸಲಹೆ ಕೊಡುವ ಪುಸ್ತಕ ಈಗಲೂ ಕಪಾಟುಗಳಲ್ಲಿದೆ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಔಷಧದ ಹೆಸರು, ಪ್ರಮಾಣ ಇರುವ ಪುಸ್ತಕವಾದರೆ ಕೃಷಿ ವಿಶ್ವವಿದ್ಯಾಲಯಗಳು ಹೊರತರುವ ಸುಧಾರಿತ ಬೇಸಾಯ ಕ್ರಮಗಳ ಇತ್ತೀಚಿನ ಆವೃತ್ತಿಯನ್ನಷ್ಟೇ ಇಡಿ. ಬೀಜ ಸಂಗ್ರಹ, ಮಣ್ಣು, ನೀರಿಂಗಿಸುವಿಕೆ ಕುರಿತವು ಇಷ್ಟು ಬೇಗ ಹಳತಾಗುವುದಿಲ್ಲ. ಮನೆಮದ್ದಿನ ಪುಸ್ತಕಗಳಲ್ಲಿ ಸಕ್ಕರೆ ಕಾಯಿಲೆ, ಹಾವು ಕಡಿತಕ್ಕೆ ಔಷಧ ಹೇಳುವವನ್ನು ನನ್ನ ಮಟ್ಟಿಗೆ ಯಾವ ಕಪಾಟಿನಲ್ಲೂ ಇಡಲಾರೆ.

ಹಳತಾದ ಪುಸ್ತಕವೆಲ್ಲ ರದ್ದಿಯೂ ಅಲ್ಲ. ಶಿವರಾಮ ಕಾರಂತರ ಬಾಲಪ್ರಪಂಚದ ಮೂರು ಸಂಪುಟಗಳು 1930ರ ದಶಕದವು. ಅದರ ವಿಜ್ಞಾನವನ್ನು ಇಂದಿನ ಮಗುವಿಗೆ ಪಾಠವಾಗಿ ಕೊಡಲಾಗದು. ಆದರೆ ಕನ್ನಡದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವ ಮಾತು ಹೇಗೆ ಹುಟ್ಟಿತು ಎಂದು ನೋಡುವವರಿಗೆ ಅದು ಮೂಲ ಆಕರ. ಮಕ್ಕಳ ಕಪಾಟಿನಿಂದ ಇಳಿದು ವಿದ್ವಾಂಸರ ಕಪಾಟಿಗೆ ಏರುತ್ತದೆ. ರಂಗನಾಥನ್ ಅವರ ಮೂರನೆಯ ಸೂತ್ರ ಇಂಥ ಕಡೆ ಕೆಲಸಕ್ಕೆ ಬರುತ್ತದೆ.

ಅಜ್ಜಂದಿರು, ಹೊಸದಾಗಿ ಓದು ಕಲಿತವರು, ಕಣ್ಣು ಕಾಣದವರು

ದೊಡ್ಡಕ್ಷರದ ಕಾದಂಬರಿ ಕನ್ನಡದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸಿಗುವುದು ಪಾರಾಯಣಕ್ಕೆಂದು ಅಚ್ಚಾದ ಗ್ರಂಥಗಳು. ಗದುಗಿನ ಭಾರತ (ಕುಮಾರವ್ಯಾಸನದ್ದೇ), ಜೈಮಿನಿ ಭಾರತ, ದಾಸರ ಪದಗಳ ಸಂಕಲನಗಳನ್ನು ದೂರದಿಂದ ಓದಲೆಂದೇ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ವಯಸ್ಸಾದವರಿಗೆ ಅಲ್ಲಿಂದ ಆರಿಸಿ. ತೂಕವನ್ನೂ ನೋಡಿ, ಒಂದು ಕಿಲೋ ದಾಟಿದ ಪುಸ್ತಕವನ್ನು ಮಲಗಿ ಓದುವವರು ಎದೆಯ ಮೇಲೆ ಹಿಡಿಯಲಾರರು. ಎರಡು ಸಂಪುಟವಾಗಿ ಬಂದದ್ದಿದ್ದರೆ ಅದನ್ನೇ ತರಿಸಿ.

ನಲವತ್ತು, ಐವತ್ತರಲ್ಲಿ ಅಕ್ಷರ ಕಲಿತವರ ಕೈಗೆ ಮಕ್ಕಳ ಚಿತ್ರಪುಸ್ತಕ ಇಡುವುದು ವಾಡಿಕೆ. ಅಕ್ಷರದ ಮಟ್ಟ ಒಂದೇ ತಾನೆ ಎಂಬ ಲೆಕ್ಕ. ಅವರ ಬಾಯಲ್ಲಿ ಆಗಲೇ ನೂರಾರು ಪದ್ಯಗಳಿವೆ ಎಂಬುದನ್ನು ಆ ಲೆಕ್ಕ ಮರೆಯುತ್ತದೆ. ಬೀಸುವ ಪದ, ಸೋಬಾನೆ, ತತ್ವಪದ, ವಚನ, ಊರಲ್ಲಿ ಆಡುವ ಬಯಲಾಟದ ಪ್ರಸಂಗ, ಇವನ್ನು ಕೊಡಿ. ಮುಂದಿನ ಪದ ಏನೆಂದು ನಾಲಿಗೆಗೆ ಮೊದಲೇ ಗೊತ್ತಿರುವುದರಿಂದ ಕಣ್ಣು ಅದನ್ನು ಗುರುತಿಸಿದರೆ ಸಾಕು. ಒತ್ತಕ್ಷರದ ಲೆಕ್ಕಾಚಾರ ಇಲ್ಲಿ ಅಷ್ಟಾಗಿ ಅನ್ವಯಿಸದು. ಒಂದು ಷರತ್ತು: ಸಾಲು ಹಾಡಿನ ಸಾಲಿನಂತೆಯೇ ಒಡೆದಿರಬೇಕು. ಪುಟ ಉಳಿಸಲು ಪದ್ಯವನ್ನು ಗದ್ಯದಂತೆ ಸುರಿದ ಅಗ್ಗದ ಮುದ್ರಣ ಬೇಡ.

ಅಂಧ ಓದುಗರಿಗೆ ಫೋನು, ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುತ್ತದೆ, ಇ-ಪುಸ್ತಕ ಯೂನಿಕೋಡಿನಲ್ಲಿದ್ದರೆ. ಪರೀಕ್ಷೆ ಸುಲಭ: ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ. ಕನ್ನಡವಾಗಿಯೇ ಬಂದರೆ ಸರಿ, ರೋಮನ್ ಅಕ್ಷರಗಳ ಕಲಸುಮೇಲೋಗರ ಬಂದರೆ ಅದು ಹಳೆಯ ಫಾಂಟಿನದು, ಏನೂ ನಕಲಾಗದಿದ್ದರೆ ಬರೀ ಚಿತ್ರ. ಈ ಎರಡೂ ಅವರಿಗೆ ಮೂಕ ಪುಸ್ತಕಗಳು.

ವಿದ್ವಾಂಸರಿಗೆ

ಹಳ್ಳಿ ಗ್ರಂಥಾಲಯಕ್ಕೆ ವಿದ್ವಾಂಸರು ಎಲ್ಲಿಂದ ಬರುತ್ತಾರೆ ಎನ್ನಬೇಡಿ. ಊರಿನ ವೀರಗಲ್ಲುಗಳ ಹಿಂದೆ ಬಿದ್ದ ನಿವೃತ್ತ ಮೇಷ್ಟ್ರೊಬ್ಬರು ಪ್ರತಿ ಹೋಬಳಿಯಲ್ಲೂ ಇರುತ್ತಾರೆ.

ಅವರಿಗೆ ಪಂಪಭಾರತ, ಅಂದರೆ ಮೊದಲು ಹೇಳಿದ ವಿಕ್ರಮಾರ್ಜುನ ವಿಜಯವೇ, ಬೇಕಾದರೆ ಯಾವುದು? ಬಿ.ಎಲ್. ರೈಸ್ 1898ರಲ್ಲಿ ಅಚ್ಚು ಹಾಕಿಸಿದರು, ಕನ್ನಡ ಸಾಹಿತ್ಯ ಪರಿಷತ್ತಿನ ಪರಿಷ್ಕರಣ 1931ರಲ್ಲಿ ಬಂತು, ಪದ್ಯಪದ್ಯಕ್ಕೂ ಅರ್ಥ ಬಿಡಿಸುವ ಡಿ.ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆ 1971ರದ್ದು. ಸಂಶೋಧಕರಿಗೆ ಬೇಕಾದ ಆವೃತ್ತಿಯಲ್ಲಿ ಅಡಿಯಲ್ಲಿ ಪಾಠಾಂತರ (ಬೇರೆ ಬೇರೆ ಪ್ರತಿಗಳಲ್ಲಿ ಕಾಣುವ ಬೇರೆ ರೂಪಗಳು), ಮುನ್ನುಡಿಯಲ್ಲಿ ಯಾವ ಯಾವ ಓಲೆಪ್ರತಿ ನೋಡಿದರು ಎಂಬ ವಿವರ, ಕೊನೆಗೆ ಪದ್ಯಗಳ ಅಕಾರಾದಿ ಮತ್ತು ಶಬ್ದಕೋಶ ಇರಬೇಕು. ಮರುಮುದ್ರಣದಲ್ಲಿ ಪ್ರಕಾಶಕರು ಮೊದಲು ಕತ್ತರಿಸುವುದು ಇವನ್ನೇ. ಪುಟಸಂಖ್ಯೆ ಬದಲಾದರೆ ಹಳೆಯ ಲೇಖನಗಳ ಉಲ್ಲೇಖವೆಲ್ಲ ದಿಕ್ಕು ತಪ್ಪುತ್ತದೆ.

ಇನ್ನೊಂದು ಪರೀಕ್ಷೆ ಎರಡು ಅಕ್ಷರದ್ದು: ಱ ಮತ್ತು ೞ. ಜನಪ್ರಿಯ ಮುದ್ರಣಗಳು ಇವನ್ನು ‘ರ’, ‘ಳ’ ಮಾಡಿಬಿಡುತ್ತವೆ. ಹಳಗನ್ನಡದಲ್ಲಿ ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಕಥೆಗಾಗಿ ಓದುವವರಿಗೆ ಸಂದರ್ಭ ದಾರಿ ತೋರಿಸುತ್ತದೆ. ಭಾಷೆಗಾಗಿ ಓದುವವರಿಗೆ ಆ ಪುಸ್ತಕ ನಿರುಪಯೋಗಿ. ಅಂತರ್ಜಾಲದಲ್ಲಿ ಸಿಗುವ ಬೆರಳಚ್ಚಿನ ಪಠ್ಯವನ್ನು ಪದ ಹುಡುಕಲು ಬಳಸಿ. ಉದ್ಧರಿಸುವ ಮುನ್ನ ಅಚ್ಚಿನ ಪುಟ ನೋಡಿ.

ಶಾಸನದವರಿಗೆ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳು. ರೈಸ್ ಕಾಲದ ಸಂಪುಟಗಳಿಗೂ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳಿಗೂ ಕ್ರಮಸಂಖ್ಯೆ ಬೇರೆ. ಹಳೆಯ ಏಳನೆಯ ಸಂಪುಟ ಶಿವಮೊಗ್ಗದ್ದು, ಹೊಸ ಏಳನೆಯದು ಮಂಡ್ಯದ ಕಡೆಯದು. ‘ಎ.ಕ. 7’ ಎಂದಷ್ಟೇ ಬರೆದುಕೊಂಡು ಬಂದವರಿಗೆ ತಪ್ಪು ಸಂಪುಟ ಕೊಟ್ಟರೆ ಇಡೀ ದಿನ ಹಾಳು. ಎಲ್ಲ ಸಂಪುಟ ಕೊಳ್ಳುವ ಶಕ್ತಿ ಸಣ್ಣ ಗ್ರಂಥಾಲಯಕ್ಕಿಲ್ಲ. ನಿಮ್ಮ ತಾಲ್ಲೂಕು ಬರುವ ಒಂದು ಸಂಪುಟ ಇದ್ದರೆ ಸಾಕು. ನಿಘಂಟಿನಲ್ಲಿ 1894ರ ಕಿಟ್ಟೆಲ್ ಒಂದೇ ಸಂಪುಟ, ಅರ್ಥ ಇಂಗ್ಲಿಷಿನಲ್ಲಿದೆ. ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟ, ಅರ್ಥ ಕನ್ನಡದಲ್ಲೇ, ಪ್ರಯೋಗಗಳ ಸಮೇತ. ಶಾಲಾ ಮಕ್ಕಳಿಗೆ ಇವೆರಡೂ ಬೇಡ, ಸಂಕ್ಷಿಪ್ತ ನಿಘಂಟಿನ ಮೂರು ಪ್ರತಿ ಇಡಿ.

ಹಣ ಮತ್ತು ದಾನ

ಕೈಯಲ್ಲಿ ಇಪ್ಪತ್ತು ಸಾವಿರ ರೂಪಾಯಿ ಇದೆ ಎಂದರೆ ನನ್ನ ಹಂಚಿಕೆ ಹೀಗೆ: ಚಿತ್ರಪುಸ್ತಕ ಮತ್ತು ಆರಂಭದ ಓದಿಗೆ 7,000, ಹತ್ತರಿಂದ ಹದಿನೈದರವರಿಗೆ 4,000, ವಯಸ್ಕರ ಕಥೆ-ಕಾದಂಬರಿಗೆ 3,500, ಪರೀಕ್ಷೆಗಳಿಗೆ 2,500, ಕೃಷಿ-ಆರೋಗ್ಯ-ಕಾನೂನಿಗೆ 1,500, ಆಕರ ಗ್ರಂಥಕ್ಕೆ 1,000, ದಾರ, ಅಂಟು, ಹೊದಿಕೆಗೆ 500. ಮಕ್ಕಳ ಪಾಲು ದೊಡ್ಡದು ಏಕೆಂದರೆ ಆ ಪುಸ್ತಕಗಳು ಬೇಗ ಸವೆಯುತ್ತವೆ, ಚೆನ್ನಾಗಿ ಓಡುವುದಕ್ಕೆ ಎರಡೆರಡು ಪ್ರತಿ ಬೇಕು. ಪರೀಕ್ಷೆಯವರು ಗಟ್ಟಿಯಾಗಿ ಕೇಳುತ್ತಾರೆ, ಮಕ್ಕಳು ಕೇಳುವುದಿಲ್ಲ. ಕೇಳಿದವರಿಗೇ ಎಲ್ಲ ಹಣ ಹೋಗದಂತೆ ಮೊದಲೇ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಎರವಲು ದಾಖಲೆ ನೋಡಿ ಬದಲಿಸಿ. ಅಲ್ಲೇ ಕೂತು ಓದಿದ್ದು ದಾಖಲೆಗೆ ಬರುವುದಿಲ್ಲವಲ್ಲ, ಅದಕ್ಕೆ ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟುಹೋಗಲು ಹೇಳಿ, ಸಂಜೆ ಎಣಿಸಿ. ಎರಡು ವರ್ಷ ಯಾರೂ ಮುಟ್ಟದ ಪುಸ್ತಕವನ್ನು ತೆಗೆದುಹಾಕುವ ಮುಂಚೆ ಆರು ತಿಂಗಳು ಮುಖಪುಟ ಕಾಣುವಂತೆ ಬಾಗಿಲ ಬಳಿ ನಿಲ್ಲಿಸಿ ನೋಡಿ.

ಕೊನೆಗೆ ಸಭೆಯಲ್ಲಿ ಬಂದ ಒಂದು ಪ್ರಶ್ನೆ: ಮನೆ ಖಾಲಿ ಮಾಡುವಾಗ ಜನ ಮೂಟೆಗಟ್ಟಲೆ ಪುಸ್ತಕ ತಂದು ಸುರಿಯುತ್ತಾರೆ, ಬೇಡ ಅನ್ನಲಾಗುವುದಿಲ್ಲ, ಏನು ಮಾಡುವುದು? ಆರಿಸುವ ಹಕ್ಕು ಗ್ರಂಥಾಲಯದ್ದು ಎಂದು ಒಂದು ಸಾಲಿನ ಪತ್ರಕ್ಕೆ ಸಹಿ ಪಡೆದು ತೆಗೆದುಕೊಳ್ಳಿ. ತಂದದ್ದನ್ನು ನೇರ ಕಪಾಟಿಗೆ ಸೇರಿಸಬೇಡಿ. ಬೆನ್ನಿನ ಒಳಭಾಗ ಮತ್ತು ಕೊನೆಯ ಹಾಳೆಗಳಲ್ಲಿ ಗೆದ್ದಲ ಮಣ್ಣು, ಬೆಳ್ಳಿಹುಳು, ಬೂಷ್ಟಿನ ಕಲೆ ನೋಡಿ. ಒಣಗಿದ್ದನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಮೂರು ವಾರ ಬೇರೆ ಕೋಣೆಯಲ್ಲಿಡಿ. ತೇವವಿದ್ದರೆ ಮೊದಲು ಗಾಳಿಗೆ ಹರಡಿ. ಆಮೇಲೆ ತೆರೆದಾಗ ಹೊಸ ಪುಡಿ ಉದುರಿರದಿದ್ದರೆ ಒಳಗೆ ಬರಲಿ. ಹಳೆಯ ಗೈಡು, ವಾರ್ಷಿಕಗಳನ್ನು ರದ್ದಿಗೆ ಹಾಕಿ. ಆದರೆ ಆ ಮೂಟೆಯಲ್ಲಿ ಊರಿನ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ, ಸಹಕಾರಿ ಸಂಘದ ವರದಿ, ನಾಟಕ ಮಂಡಳಿಯ ಪದ್ಯಾವಳಿ ಸಿಕ್ಕರೆ ರದ್ದಿಗೆ ಹಾಕಬೇಡಿ. ಅದರ ಇನ್ನೊಂದು ಪ್ರತಿ ಬೆಂಗಳೂರಿನಲ್ಲೂ ಇರದಿರಬಹುದು. ಯಾರು ಕೊಟ್ಟರು, ಯಾವ ಊರು, ಯಾವ ಇಸವಿ ಎಂದು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು, ಚೀಟಿಯನ್ನು ಒಳಗಿಟ್ಟು, ಬೇರೆ ಪೆಟ್ಟಿಗೆಗೆ ಹಾಕಿ. ಆ ಮೇಷ್ಟ್ರು ಮುಂದಿನ ಸಲ ಬಂದಾಗ ಮೊದಲು ಆ ಪೆಟ್ಟಿಗೆ ತೋರಿಸಿ.